ಗೆರೆಗೆ ಸಿಗದ ಕಡಲತೀರ

1979ರ ಜೂನ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ ಇಕ್ಸ್‌ಟಾಕ್-1 ಎಂಬ ತೈಲಬಾವಿ ಸಿಡಿದು, ತಿಂಗಳುಗಟ್ಟಲೆ ಕಚ್ಚಾತೈಲ ಕಡಲಿಗೆ ಹರಿಯಿತು. ತೈಲದ ಪದರ ತೇಲುತ್ತಾ ಟೆಕ್ಸಾಸ್‌ನತ್ತ ಹೊರಟಾಗ ಅಲ್ಲಿನ ವಿಜ್ಞಾನಿಗಳ ಮುಂದೆ ಇದ್ದದ್ದು ತುರ್ತಿನ ಪ್ರಶ್ನೆ: ಇಷ್ಟುದ್ದದ ತೀರದಲ್ಲಿ ಮೊದಲು ಕಾಯಬೇಕಾದದ್ದು ಯಾವುದನ್ನು? ಆ ಅವಸರದಲ್ಲಿ ತಯಾರಾದ ನಕ್ಷೆಗಳು ಮುಂದೆ ‘ಪರಿಸರ ಸೂಕ್ಷ್ಮತಾ ಸೂಚ್ಯಂಕ’ವಾಗಿ ಬೆಳೆದವು. ಅದರಲ್ಲಿ ತೀರಗಳಿಗೆ 1ರಿಂದ 10ರವರೆಗೆ ದರ್ಜೆ ಇದೆ. ತೆರೆದ ಕಡಲಿಗೆ ಎದೆಯೊಡ್ಡಿ ನಿಂತ ಬಂಡೆಗೆ 1. ಅಲ್ಲಿ ಅಲೆಯೇ ತೈಲವನ್ನು ತೊಳೆದು ಹಿಂದಕ್ಕೆ ಒಯ್ಯುತ್ತದೆ. ನುಣ್ಣನೆಯ ಮರಳಿಗೆ 3. ಕೊರೆತ ತಡೆಯಲು ನಾವೇ ಸುರಿದ ಕಲ್ಲುರಾಶಿಗೆ 6. ಸಂದುಗಳಿಗೆ ಇಳಿದ ತೈಲವನ್ನು ಹೊರತೆಗೆಯುವುದು ಕಷ್ಟ. ಉಪ್ಪುನೀರಿನ ಜೌಗು ಮತ್ತು ಕಾಂಡ್ಲಾ ಕಾಡಿಗೆ 10. ಇನ್ನೊಂದು ದರ್ಜೆಯ ಮೇಲೆ ಮಾತ್ರ ಓದುಗರು ಸ್ವಲ್ಪ ಹೊತ್ತು ಕಣ್ಣಿಡಬೇಕು. ಅಲೆಯ ಹೊಡೆತ ತಲುಪದ ಕೊಲ್ಲಿಯ ಮರೆಯಲ್ಲಿರುವ ಬಂಡೆಗೆ ಸಿಕ್ಕಿರುವುದು 8. ಕಲ್ಲು ಅದೇ, ಕಡಲೂ ಅದೇ, ದರ್ಜೆಯಲ್ಲಿ ಏಳು ಮೆಟ್ಟಿಲುಗಳ ಅಂತರ. ಅಲ್ಲಿ ನೀರು ಏನು ಮಾಡುತ್ತದೆ ಎಂಬುದು ಈ ಅಂತರಕ್ಕೆ ಕಾರಣ. ಇನ್ನು ಕಾಂಡ್ಲಾಕ್ಕೆ 10 ಬಂದದ್ದು ಕೆಸರಿನಿಂದಷ್ಟೇ ಅಲ್ಲ; ಅದರ ಉಸಿರುಬೇರುಗಳ ರಂಧ್ರಗಳನ್ನು ತೈಲ ಮುಚ್ಚಿದರೆ ಮರವೇ ಸಾಯುತ್ತದೆ, ಮತ್ತೆ ಬೆಳೆಯಲು ದಶಕಗಳು ಬೇಕು. ಇಲ್ಲಿ ನೀರು ಏನು ಮಾಡುತ್ತದೆ, ಇಲ್ಲಿ ಯಾರು ಬದುಕಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಆ ನಕ್ಷೆ ಒಟ್ಟಿಗೆ ಕೇಳಿತ್ತು. ನಮ್ಮ ಕರಾವಳಿಯನ್ನೂ ಹೀಗೆಯೇ ವಿಂಗಡಿಸಬೇಕು, ಎರಡೂ ಉತ್ತರಗಳನ್ನು ಪ್ರತ್ಯೇಕವಾಗಿ ಬರೆದಿಡಬೇಕು ಎನ್ನುವುದು ಈ ಬರಹದ ವಾದ. ಇಂದಿನ ನಮ್ಮ ಕಾನೂನು ಬಹುಮಟ್ಟಿಗೆ ಕೇಳುತ್ತಿರುವುದು ಉಬ್ಬರದ ಗೆರೆ ಎಲ್ಲಿದೆ, ಅದರಾಚೆ ಜನ ಎಷ್ಟಿದ್ದಾರೆ ಎಂದು.

ತೀರದ ವಿಂಗಡಣೆ ಎಂದೊಡನೆ ಕಲ್ಲು, ಮರಳು, ಕೆಸರು ಎಂಬ ಮೂರು ಗುಂಪು ಮನಸ್ಸಿಗೆ ಬರುತ್ತದೆ. ಆರಂಭಕ್ಕೆ ಅಷ್ಟು ಸಾಕು. ತಲಪಾಡಿಯಿಂದ ಕುಂದಾಪುರದ ತನಕ ಹೆಚ್ಚಾಗಿ ನೇರವಾದ, ಉದ್ದನೆಯ ಮರಳುದಂಡೆ. ನದಿಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿದ ಬೆಂಗ್ರೆಗಳು, ಕೋಡಿಗಳು. ಉತ್ತರ ಕನ್ನಡದ ಕಡೆ ಹೋದಂತೆ ಗುಡ್ಡಗಳೇ ಕಡಲಿಗೆ ಇಳಿಯುತ್ತವೆ. ಗೋಕರ್ಣದ ಸುತ್ತ ಕಾಣುವಂತೆ ಮುರಕಲ್ಲಿನ ಎರಡು ಚಾಚುಗಳ ನಡುವೆ ಒಂದೊಂದು ಪುಟ್ಟ ಕೊಲ್ಲಿ, ಅದರೊಳಗೆ ತುಂಡು ಮರಳು. ಆದರೆ ಮರಳು ಎಂದು ಬರೆದುಬಿಟ್ಟರೆ ಆ ದಂಡೆಯ ಬಗ್ಗೆ ಹೇಳಿದಂತಾಗಲಿಲ್ಲ. ಕಾಳು ದಪ್ಪವಾಗಿ, ಇಳಿಜಾರು ಕಡಿದಾಗಿದ್ದಲ್ಲಿ ಅಲೆಯ ನೀರು ಕ್ಷಣದಲ್ಲಿ ಬಸಿದುಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಆ ಮರಳು ಒಣಗಿ ಬಿಸಿಯಾಗುತ್ತದೆ, ಅಲೆ ಬಂದಾಗ ಕದಡುತ್ತದೆ, ಅಲ್ಲಿ ನೆಲೆಸುವ ಜೀವಿಗಳು ಕೆಲವೇ. ನುಣ್ಣನೆಯ ಮರಳಿನ, ನಿಧಾನವಾಗಿ ಇಳಿಯುವ ದಂಡೆ ಇಳಿತದಲ್ಲೂ ತೇವವನ್ನು ಹಿಡಿದಿಡುತ್ತದೆ. ಹುಳು, ಪುಟ್ಟ ಚಿಪ್ಪು, ಏಡಿಗಳಿಗೆ ಅಲ್ಲಿ ಜಾಗವಿದೆ. ಇದರ ಮೇಲೆ ಉಬ್ಬರವಿಳಿತದ ಲೆಕ್ಕ ಬೇರೆ. ಅಂತರ 2 ಮೀಟರಿಗಿಂತ ಕಡಿಮೆಯಿದ್ದರೆ ಅಲ್ಪ ಉಬ್ಬರದ ತೀರ, 4 ಮೀಟರ್ ಮೀರಿದರೆ ಭಾರಿ ಉಬ್ಬರದ ತೀರ ಎಂಬ ವಿಂಗಡಣೆಯನ್ನು ಡೇವಿಸ್ ಎಂಬ ಭೂರೂಪ ವಿಜ್ಞಾನಿ 1964ರಲ್ಲಿ ಮುಂದಿಟ್ಟರು. ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರದಲ್ಲೂ ನಮ್ಮ ಕಡಲು 2 ಮೀಟರಿನ ಆಸುಪಾಸಿನಲ್ಲೇ ಏರಿಳಿಯುತ್ತದೆ. ಖಂಭಾತ್ ಕೊಲ್ಲಿಯ ಭಾವನಗರದಲ್ಲಿ ಈ ಅಂತರ 10 ಮೀಟರ್ ದಾಟುತ್ತದೆ. ಆದ್ದರಿಂದ ಗುಜರಾತಿನಲ್ಲಿ ಕಿಲೋಮೀಟರುಗಟ್ಟಲೆ ಹರಡಿಕೊಳ್ಳುವ ಉಬ್ಬರವಿಳಿತದ ನಡುವಣ ವಲಯ ನಮ್ಮ ಬಂಡೆಗಳ ಮೇಲೆ ಆಳೆತ್ತರದ ಒಂದು ಪಟ್ಟಿಯಾಗಿ ಮುಗಿಯುತ್ತದೆ. ಇಂಥ ಎರಡು ತೀರಗಳಿಗೆ ಒಂದೇ ಪಟ್ಟಿಯ ಒಂದೇ ಹೆಸರನ್ನು ಅಂಟಿಸಿದರೆ ನಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಆ ಆಳೆತ್ತರದ ಪಟ್ಟಿಯೊಳಗೂ ಒಂದು ಕ್ರಮವಿದೆ. ಟಿ.ಎ. ಸ್ಟೀಫನ್‌ಸನ್ ಮತ್ತು ಆ್ಯನ್ ಸ್ಟೀಫನ್‌ಸನ್ ದಂಪತಿ ಹಲವು ದೇಶಗಳ ಕಲ್ಲುತೀರಗಳನ್ನು ನೋಡಿ 1949ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯಕ್ಕೆ ಅಡಿಗಲ್ಲು. ತುಂತುರು ಮಾತ್ರ ತಾಗುವ ಮೇಲಿನ ಅಂಚಿನಲ್ಲಿ ಕಪ್ಪು ಲೇಪದಂಥ ಸೂಕ್ಷ್ಮಜೀವಿಗಳು ಮತ್ತು ಪುಟ್ಟ ಶಂಖದ ಹುಳುಗಳು. ನಡುವೆ ಸುಣ್ಣದ ಕವಚ ಕಟ್ಟಿಕೊಂಡು ಬಂಡೆಗೆ ಅಂಟುವ ಬಾರ್ನಕಲ್‌ಗಳು. ಕೆಳಗೆ, ದೊಡ್ಡ ಇಳಿತದಲ್ಲಷ್ಟೇ ತೆರೆದುಕೊಳ್ಳುವ ಅಂಚಿನಲ್ಲಿ ಪಾಚಿ. ಜಾತಿಗಳು ಬೇರೆಯಾದರೂ ಈ ಮೂರು ಪಟ್ಟಿಗಳು ಎಲ್ಲೆಡೆ ಮರುಕಳಿಸುತ್ತವೆ ಎಂದು ಅವರು ತೋರಿಸಿದರು. ಹಾಗಾದರೆ ಉಬ್ಬರದ ಎತ್ತರ ಅಳೆದರೆ ಸಾಲದೇ, ಜೀವಿಗಳನ್ನು ಏಕೆ ನೋಡಬೇಕು? ಇದಕ್ಕೆ ಉತ್ತರ ಕೊಟ್ಟವರು ಬ್ರಿಟನ್ನಿನ ಜೆ.ಆರ್. ಲೂಯಿಸ್. ಅಲೆಯ ಹೊಡೆತ ಜೋರಾದಷ್ಟೂ ಈ ಪಟ್ಟಿಗಳು ಅಗಲವಾಗಿ ಮೇಲಕ್ಕೇರುತ್ತವೆ. ತುಂತುರು ಎರಚುವ ಬಂಡೆಯಲ್ಲಿ ಉಬ್ಬರದ ಗೆರೆಯಿಂದ ಎಷ್ಟೋ ಮೇಲೆ ಕಡಲಜೀವಿಗಳು ಬದುಕಿರುತ್ತವೆ. ತೀರ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅಳತೆಪಟ್ಟಿಗಿಂತ ಅಲ್ಲಿನ ಜೀವಿಗಳಿಂದ ತಿಳಿಯುವುದು ಮೇಲು ಎಂಬುದು ಅವರ ನಿಲುವಾಗಿತ್ತು. ಬ್ಯಾಲಂಟೈನ್ ಎಂಬ ವಿಜ್ಞಾನಿ 1961ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೇಲ್ಸ್‌ನ ಪೆಂಬ್ರೋಕ್‌ಷೈರ್ ತೀರದಲ್ಲಿ ಯಾವ ಜೀವಿ ಎಷ್ಟಿದೆ ಎಂಬುದರಿಂದಲೇ ಅಲೆಯ ಬಿರುಸನ್ನು ಎಂಟು ದರ್ಜೆಗಳಲ್ಲಿ ಅಳೆದರು. ಅಲೆಮಾಪಕ ಯಂತ್ರ ಇಟ್ಟ ದಿನಗಳ ಲೆಕ್ಕ ಮಾತ್ರ ಕೊಡುತ್ತದೆ. ಬಂಡೆಗೆ ಅಂಟಿಕೊಂಡು ವರ್ಷಗಟ್ಟಲೆ ಬದುಕಿದ ಜೀವಿ ಆ ವರ್ಷಗಳ ಬಿರುಗಾಳಿಯನ್ನೂ ಬಿಸಿಲನ್ನೂ ದಾಟಿ ಬಂದಿದೆ. ಅದು ಅಲ್ಲಿರುವುದೇ ಸಾಕ್ಷ್ಯ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಅಲೆಯನ್ನು ಜೀವಿಗಳಿಂದ ಅಳೆದು, ಆಮೇಲೆ ಜೀವಿಗಳು ಅಲ್ಲಿರುವುದಕ್ಕೆ ಅಲೆಯೇ ಕಾರಣ ಎಂದರೆ ವಾದ ತನ್ನ ಬಾಲವನ್ನೇ ಹಿಡಿದು ಸುತ್ತುತ್ತದೆ. ಅಷ್ಟೇ ಅಲ್ಲ, ಜೀವಿಗಳು ಎಲ್ಲಿರಬೇಕು ಎಂಬುದನ್ನು ನೀರು ಬಿಸಿಲುಗಳು ಮಾತ್ರ ತೀರ್ಮಾನಿಸುವುದಿಲ್ಲ. ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ಬಂಡೆಗಳಲ್ಲಿ ಎರಡು ಜಾತಿಯ ಬಾರ್ನಕಲ್‌ಗಳ ಮೇಲೆ ಪ್ರಯೋಗ ಮಾಡಿ 1961ರಲ್ಲಿ ಪ್ರಕಟಿಸಿದ ಫಲಿತಾಂಶ ಪ್ರಸಿದ್ಧ. ಮೇಲಿನ ಪಟ್ಟಿಯಲ್ಲಿ ಮಾತ್ರ ಕಾಣುತ್ತಿದ್ದ ಜಾತಿ ಕೆಳಗೂ ಚೆನ್ನಾಗಿಯೇ ಬೆಳೆಯಬಲ್ಲದು. ಕೆಳಗಿನ ಬಲಿಷ್ಠ ಜಾತಿ ಅದನ್ನು ಒತ್ತಿ, ಮುಚ್ಚಿ ಕೊಲ್ಲುತ್ತಿದ್ದುದರಿಂದ ಅದಕ್ಕೆ ಮೇಲಿನ ಒಣ ಜಾಗವೇ ಗತಿಯಾಗಿತ್ತು. ಅಮೆರಿಕದ ವಾಷಿಂಗ್ಟನ್ ತೀರದಲ್ಲಿ ರಾಬರ್ಟ್ ಪೇನ್ ಬಂಡೆಯ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ತೆಗೆದುಹಾಕುತ್ತಾ ಬಂದಾಗ, ಅವುಗಳ ಆಹಾರವಾಗಿದ್ದ ಚಿಪ್ಪುಜೀವಿಗಳು ಜಾಗವನ್ನೆಲ್ಲ ಆಕ್ರಮಿಸಿದವು. 15 ಜಾತಿಗಳಿದ್ದಲ್ಲಿ 8 ಉಳಿದವು. ಅಲೆ, ಉಬ್ಬರ, ಕಲ್ಲು ಯಾವುದೂ ಬದಲಾಗಿರಲಿಲ್ಲ. ಭೌತಿಕ ಲಕ್ಷಣಗಳಿಂದ ಮಾತ್ರ ವಿಂಗಡಿಸಿದ್ದರೆ ಆ ಬಂಡೆ ಮೊದಲೂ ಆಮೇಲೂ ಒಂದೇ ಗುಂಪಿನಲ್ಲಿ ಉಳಿಯುತ್ತಿತ್ತು. ಜೀವಿಗಳನ್ನು ಮಾತ್ರ ನೋಡಿದ್ದರೆ ಅಲೆಯೇ ಬದಲಾಗಿದೆ ಎಂದು ಯಾರಾದರೂ ತಪ್ಪು ತಿಳಿಯಬಹುದಿತ್ತು. ಎರಡನ್ನೂ ಒಂದೇ ಅಂಕಕ್ಕೆ ಬೆರೆಸದೆ ಅಕ್ಕಪಕ್ಕ ಬರೆದಿಡಬೇಕು ಎನ್ನುವುದಕ್ಕೆ ಕಾರಣ ಇದು. ಎರಡರ ನಡುವೆ ಹೊಂದಿಕೆ ತಪ್ಪಿದಾಗಲೇ ಏನೋ ನಡೆದಿದೆ ಎಂದು ಗೊತ್ತಾಗುತ್ತದೆ.

ಹಾಗೆ ಹೊಂದಿಕೆ ತಪ್ಪಿದ್ದನ್ನು ನೋಡಲು ನಾವು ವಾಷಿಂಗ್ಟನ್‌ಗೆ ಹೋಗಬೇಕಿಲ್ಲ. ಉತ್ತರ ಕನ್ನಡದ ಶರಾವತಿ ಮತ್ತು ಅಘನಾಶಿನಿ ನದಿಗಳ ಅಳಿವೆಗಳ ನಡುವೆ ಇರುವುದು ಸುಮಾರು 25 ಕಿಲೋಮೀಟರ್. ಎರಡೂ ಘಟ್ಟದಿಂದ ಇಳಿದು ಅದೇ ಕಡಲನ್ನು ಸೇರುತ್ತವೆ. ಮಳೆ ಒಂದೇ, ಉಬ್ಬರ ಒಂದೇ, ಕೆಸರು ಮರಳುಗಳ ಮಿಶ್ರಣದ ತಳವೂ ಹೆಚ್ಚು ಕಡಿಮೆ ಒಂದೇ ಬಗೆ. ಉಪಗ್ರಹದ ಚಿತ್ರವನ್ನು ಮುಂದಿಟ್ಟುಕೊಂಡವರು ಎರಡಕ್ಕೂ ಅಳಿವೆ ಎಂಬ ಒಂದೇ ಹೆಸರು ಬರೆಯುತ್ತಾರೆ. ಆದರೆ ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ಅಳಿವೆಯನ್ನು ತುಂಬುತ್ತದೆ, ಮಳೆ ನಿಂತ ಮೇಲೆ ಉಬ್ಬರದ ಜೊತೆ ಉಪ್ಪು ಒಳಕ್ಕೆ ಏರುತ್ತಾ ಹೋಗುತ್ತದೆ, ಬೇಸಿಗೆಯಲ್ಲಿ ಬಹುದೂರದ ತನಕ ನೀರು ಉಪ್ಪಾಗುತ್ತದೆ. ಬಳಚು ಎಂದು ಜನ ಕರೆಯುವ ಚಿಪ್ಪುಜೀವಿಗಳು ಈ ಉಪ್ಪಿನ ಏರಿಳಿತಕ್ಕೆ ತಕ್ಕಂತೆ ತಮ್ಮ ಜಾಗಗಳನ್ನು ಹಂಚಿಕೊಂಡಿವೆ. ಹೆಚ್ಚು ಉಪ್ಪು ಬಯಸುವ ಜಾತಿ ಅಳಿವೆಯ ಬಾಯಿಯ ಹತ್ತಿರ, ಕಪ್ಪು ಚಿಪ್ಪಿನದ್ದು ನೀರು ಸಪ್ಪೆಯಾಗುವ ಮೇಲ್ಭಾಗದಲ್ಲಿ, ನಡುವೆ ಇನ್ನುಳಿದವು. ಶರಾವತಿಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ವಿದ್ಯುತ್ ತಯಾರಿಸಿ ವರ್ಷವಿಡೀ ಕೆಳಕ್ಕೆ ಬರುತ್ತದೆ, ಕಡುಬೇಸಿಗೆಯಲ್ಲೂ ಬರುತ್ತದೆ. ಉಪ್ಪು ಏರಬೇಕಾದ ತಿಂಗಳುಗಳಲ್ಲಿ ಅದು ಏರುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದಾಗ ಶರಾವತಿಯಲ್ಲಿ ಬಳಚಿನ ಸಂಪತ್ತು ಕ್ಷೀಣಿಸಿರುವುದನ್ನೂ ಕಾಂಡ್ಲಾದ ಜಾತಿಗಳು ಉಪ್ಪು ಕಡಿಮೆ ಬೇಡುವವುಗಳ ಕಡೆಗೆ ವಾಲಿರುವುದನ್ನೂ ಗುರುತಿಸಿದರು. ಅಳಿವೆಯ ತಳ, ಆಕಾರಗಳನ್ನು ಅಳೆದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಬಳಚು ತೆಗೆಯಲು ಇಳಿತದಲ್ಲಿ ಮಂಡಿ ನೀರಿಗೆ ಇಳಿಯುವ ಹೆಂಗಸರಿಗೆ ಅದು ಬುಟ್ಟಿಯಲ್ಲೇ ಕಾಣುತ್ತದೆ. ಕಾರಣ ಮಾತ್ರ ಬುಟ್ಟಿಯಲ್ಲಿಲ್ಲ. ಅದನ್ನು ತಿಳಿಯಲು ಉಪ್ಪಿನ ಪ್ರಮಾಣ ಅಳೆಯಬೇಕು, ಅಲ್ಲಿಂದ ಘಟ್ಟದ ಮೇಲಿನ ವಿದ್ಯುದಾಗಾರದ ತನಕ ಹೋಗಬೇಕು. 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ ಎಂಬ ರಾಮ್ಸಾರ್ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿ. ಹಾಗೆ ಮಾನ್ಯವಾಗಬಲ್ಲ ನೀರು ನೆಲಗಳ ಹದ ಪಕ್ಕದ ನದಿಯಲ್ಲಿ ಕೈತಪ್ಪಿಹೋದದ್ದನ್ನು ಯಾವ ಅಧಿಕೃತ ನಕ್ಷೆಯ ಬಣ್ಣವೂ ತೋರಿಸುವುದಿಲ್ಲ ಎನ್ನುವುದು ಅಷ್ಟೇ ನೋವಿನ ಸಂಗತಿ.

ಕಾನೂನಿನ ವಿಂಗಡಣೆಯತ್ತ ಬರೋಣ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಹೊರಟದ್ದು 1991ರಲ್ಲಿ. ಅದನ್ನು 2011ರಲ್ಲಿ ಮತ್ತು 2019ರಲ್ಲಿ ಹೊಸದಾಗಿ ಬರೆಯಲಾಯಿತು. ಉಬ್ಬರದ ಗೆರೆಯಿಂದ ಒಳನಾಡಿಗೆ 500 ಮೀಟರ್ ತನಕ ಅದರ ವ್ಯಾಪ್ತಿ. ಮೊದಲ ವರ್ಗದಲ್ಲಿ ಕಾಂಡ್ಲಾ, ಹವಳ, ಮರಳುದಿಬ್ಬ, ಜೀವಸಮೃದ್ಧ ಕೆಸರುಬಯಲು, ಕಡಲಾಮೆ ಮೊಟ್ಟೆಯಿಡುವ ತಾಣ ಮುಂತಾದವುಗಳ ಪಟ್ಟಿಯಿದೆ. ಈ ಪಟ್ಟಿಯನ್ನು ಹಗುರವಾಗಿ ಕಾಣುವಂತಿಲ್ಲ. ಅದು ಇಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಈಗಾಗಲೇ ಮಾಯವಾಗಿರುತ್ತಿದ್ದವು. ಆದರೆ ಪಟ್ಟಿಯ ಹೊರಗೆ ಉಳಿದ ಉಬ್ಬರವಿಳಿತಗಳ ನಡುವಣ ಜಾಗವೆಲ್ಲ, ಕಲ್ಲಿರಲಿ ಮರಳಿರಲಿ, ಒಂದೇ ಉಪವರ್ಗ. ಕಲ್ಲುತೀರಕ್ಕೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಸೋಮೇಶ್ವರ, ಸುರತ್ಕಲ್, ಕಾಪುವಿನ ಬಂಡೆಗಳು, ಗೋಕರ್ಣ ಕಾರವಾರಗಳ ಚಾಚುಗಳು, ಅವುಗಳ ಸಂದಿನಲ್ಲಿ ಇಳಿತದ ಹೊತ್ತಿಗೆ ಉಳಿಯುವ ನೀರಿನ ಕೊಳಗಳು, ಜನ ಕಿತ್ತು ತಂದು ಅಡುಗೆ ಮಾಡುವ ಪಚ್ಚಿಲೆ, ಬಂಡೆಯ ಅಂಚಿನ ಪಾಚಿ, ಇಷ್ಟೂ ಬದುಕು ಕಾನೂನಿನ ಕಣ್ಣಿಗೆ ಎರಡು ಗೆರೆಗಳ ನಡುವಿನ ಜಾಗ ಮಾತ್ರ. ಗೆರೆಯಿಂದ ಭೂಮಿಯ ಕಡೆಗೆ ಬಂದರೆ ಅಳತೆಗೋಲೇ ಬೇರೆಯಾಗುತ್ತದೆ. ಗ್ರಾಮೀಣ ತೀರದಲ್ಲಿ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿದ್ದರೆ ಕಟ್ಟಡ ನಿಷೇಧದ ಪಟ್ಟಿ 50 ಮೀಟರ್. ಕಡಿಮೆ ಇದ್ದರೆ 200 ಮೀಟರ್. ಜನರ ವಸತಿಯ ಕಷ್ಟವನ್ನು ಗಮನಿಸಿದ್ದು ಸರಿಯೇ. ಆದರೆ ದಂಡೆ ಮಳೆಗಾಲದಲ್ಲಿ ಎಷ್ಟು ಹಿಂದೆ ಸರಿಯುತ್ತದೆ, ರಾವಣನ ಮೀಸೆ ಹುಲ್ಲು ಮತ್ತು ಅಡಂಬು ಬಳ್ಳಿ ಹಿಡಿದು ನಿಲ್ಲಿಸಿರುವ ದಿಬ್ಬ ಎಷ್ಟು ಅಗಲವಿದೆ ಎಂಬುದನ್ನು ಜನಗಣತಿಯಿಂದ ತಿಳಿಯುವುದು ಸಾಧ್ಯವಿಲ್ಲ. ಅಲೆಗೆ ತಲೆಯೆಣಿಕೆಯ ಲೆಕ್ಕ ಗೊತ್ತಿಲ್ಲ.

ಭೌತಿಕ ಅಳತೆಗಳನ್ನೇ ನೆಚ್ಚಿದ ನಕ್ಷೆಗಳೂ ನಮ್ಮಲ್ಲಿವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ದೇಶದ ಇಡೀ ಕರಾವಳಿಗೆ ತಯಾರಿಸಿದ ದುರ್ಬಲತಾ ಸೂಚ್ಯಂಕ ಏಳು ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ: ತೀರರೇಖೆಯ ಬದಲಾವಣೆ, ಸಮುದ್ರಮಟ್ಟದ ಏರಿಕೆ, ನೆಲದ ಎತ್ತರ, ಇಳಿಜಾರು, ಭೂರೂಪ, ಅಲೆಯ ಎತ್ತರ, ಉಬ್ಬರವಿಳಿತದ ಅಂತರ. ತಾನು ಎತ್ತಿಕೊಂಡ ಕೆಲಸಕ್ಕೆ ಅದು ಒಳ್ಳೆಯ ಸಾಧನ. ಜೀವಿಗಳು ಅದರ ಲೆಕ್ಕದಲ್ಲಿಲ್ಲ. ಈ ಕೊರತೆಯ ಪರಿಣಾಮ ನಮ್ಮ ಕಡಲ್ಕೊರೆತದ ಕಾಮಗಾರಿಗಳಲ್ಲಿ ಕಾಣುತ್ತದೆ. ಕೊರೆತದ ಜಾಗ ಎಂದು ಗುರುತಾದಲ್ಲಿ ಕಲ್ಲು ಸುರಿಯುತ್ತಾರೆ. ಮುಂಗಾರಿನ ಬಿರುಸಿನ ಅಲೆಗಳು ದಂಡೆಯ ಮರಳನ್ನು ಎಳೆದು ಆಚೆ ನೀರಿನೊಳಗೆ ದಿಬ್ಬವಾಗಿ ಪೇರಿಸುವುದು, ಮಳೆಗಾಲ ಕಳೆದ ಮೇಲೆ ಶಾಂತ ಅಲೆಗಳು ಅದನ್ನೇ ನಿಧಾನವಾಗಿ ತಂದು ಕೊಡುವುದು ಇಲ್ಲಿನ ವಾರ್ಷಿಕ ಕ್ರಮ. ಆಗಸ್ಟಿನಲ್ಲಿ ಅಳೆದರೆ ಕೊರೆತ, ಮಾರ್ಚಿನಲ್ಲಿ ಅಳೆದರೆ ತುಂಬಿದ ದಂಡೆ. ಹೀಗೆ ಹೋಗಿ ಬರುವ ದಂಡೆಗೂ, ಬ್ರೇಕ್‌ವಾಟರ್ ಕಟ್ಟಿದ ಮೇಲೆ ಮರಳು ಬರುವ ದಾರಿಯೇ ಮುಚ್ಚಿ ನಿಜವಾಗಿ ಕರಗುತ್ತಿರುವ ದಂಡೆಗೂ ಅಂತರವಿದೆ, ಚಿಕಿತ್ಸೆಯೂ ಬೇರೆ. ಕಲ್ಲು ಬಿದ್ದ ಮೇಲೆ ಮರಳುತೀರವು ಕಲ್ಲುತೀರವಾಗುತ್ತದೆ. ಬಾರ್ನಕಲ್‌ಗಳೂ ಸಿಂಪಿಗಳೂ ಬಂದು ಅಂಟಿಕೊಳ್ಳುತ್ತವೆ. ಆಮೆ ಹತ್ತಿ ಬರಲಾರದು, ಕೈರಂಪಣಿ ಬಲೆ ಎಳೆಯುವವರಿಗೆ ದಂಡೆಯೇ ಇಲ್ಲ. ಒಂದು ನೆಲೆಯನ್ನು ಅಳಿಸಿ ಇನ್ನೊಂದನ್ನು ಕಟ್ಟಿದ ಈ ಬದಲಾವಣೆಯನ್ನು ಕಾಮಗಾರಿಯ ಕಡತದಲ್ಲಿ ಎಷ್ಟು ಮೀಟರ್ ತಡೆಗೋಡೆ ಎಂದಷ್ಟೇ ಬರೆದಿರುತ್ತಾರೆ.

ಇಷ್ಟು ಸೂಕ್ಷ್ಮವಾಗಿ ವಿಂಗಡಿಸುತ್ತಾ ಹೋದರೆ ಆಡಳಿತ ನಡೆಯುವುದು ಹೇಗೆ, ಕಾನೂನಿಗೆ ಗೆರೆ ಬೇಕೇ ಬೇಕಲ್ಲ ಎನ್ನುವವರಿದ್ದಾರೆ. ಗೆರೆ ಬೇಕು, ಒಪ್ಪಿಕೊಳ್ಳೋಣ. ಆದರೆ ಗೆರೆಯೂ ನಾವು ಆರಿಸಿಕೊಂಡ ಅಳತೆಯ ಫಲ. ದಶಕಗಳ ಕಾಲ ಶಾಲೆಯ ಪುಸ್ತಕಗಳಲ್ಲಿ ಭಾರತದ ಕರಾವಳಿ 7,516 ಕಿಲೋಮೀಟರ್ ಎಂದಿತ್ತು. ಈಚೆಗೆ ಹೆಚ್ಚು ವಿವರವಾದ ನಕ್ಷೆಗಳ ಮೇಲೆ ಅಳೆದಾಗ ಅದೇ ಕರಾವಳಿ 11,098 ಕಿಲೋಮೀಟರ್ ಆಯಿತು. ಭೂಮಿ ಬೆಳೆದಿಲ್ಲ, ಅಳತೆಗೋಲು ಚಿಕ್ಕದಾಯಿತು. ಯಾವ ವಿವರದಲ್ಲಿ ನೋಡಬೇಕು ಎಂಬುದು ಹೀಗೆ ನಮ್ಮ ತೀರ್ಮಾನವೇ ಆದ ಮೇಲೆ, ಜೀವಿಗಳು ಕಾಣುವಷ್ಟು ಹತ್ತಿರ ಹೋಗಲು ತಡೆ ಏನು? ಇದು ಕೈಗೂಡದ ಕೆಲಸವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆರಂಭವಾಗಿ ಅಲಾಸ್ಕಾಕ್ಕೆ ಹಬ್ಬಿದ ‘ಶೋರ್‌ಝೋನ್’ ಪದ್ಧತಿಯಲ್ಲಿ ದೊಡ್ಡ ಇಳಿತದ ಹೊತ್ತು ನೋಡಿ ತಗ್ಗಿನಲ್ಲಿ ಹಾರುತ್ತಾ ತೀರದ ಚಿತ್ರ ತೆಗೆಯುತ್ತಾರೆ. ಭೂರೂಪ ತಿಳಿದವರು ಕಲ್ಲು, ಮರಳು, ಇಳಿಜಾರುಗಳನ್ನೂ ಜೀವಶಾಸ್ತ್ರ ತಿಳಿದವರು ಬಣ್ಣದ ಪಟ್ಟಿಗಳಾಗಿ ಕಾಣುವ ಜೀವಿಗಳನ್ನೂ ಆ ಚಿತ್ರಗಳಿಂದ ತುಂಡು ತುಂಡಾಗಿ ಬರೆದುಕೊಳ್ಳುತ್ತಾರೆ. ಹತ್ತಾರು ಸಾವಿರ ಕಿಲೋಮೀಟರ್ ತೀರಕ್ಕೆ ಇದು ನಡೆದಿದೆ. ನಮ್ಮ ರಾಜ್ಯದ ತೀರ ಹೆಚ್ಚೆಂದರೆ ಮುನ್ನೂರ ಚಿಲ್ಲರೆ ಕಿಲೋಮೀಟರ್. ವೇಲ್ಸಿನ ಜೀವಿಗಳ ಪಟ್ಟಿ, ಅಲಾಸ್ಕಾದ ಬಣ್ಣಗಳು ಇಲ್ಲಿಗೆ ಒಗ್ಗುವುದಿಲ್ಲ, ನಮ್ಮ ಪಟ್ಟಿಯನ್ನು ನಾವೇ ಕಟ್ಟಬೇಕು. ಪದ್ಧತಿಯನ್ನು ಮಾತ್ರ ಎರವಲು ಪಡೆಯಬಹುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಸೂಕ್ಷ್ಮ ತಾಣ ಎಂಬ ಮುದ್ರೆ ಬಿದ್ದ ಕೂಡಲೇ ಅಲ್ಲಿ ಬದುಕುವ ಮೀನುಗಾರರನ್ನೇ ಹೊರಗಟ್ಟುತ್ತಾರೆ ಎಂಬ ಭಯ ಕರಾವಳಿಯಲ್ಲಿದೆ, ಆ ಭಯ ಆಧಾರವಿಲ್ಲದ್ದಲ್ಲ. ಅದಕ್ಕೆ ಮದ್ದು ವಿಂಗಡಣೆಯನ್ನು ಕೈಬಿಡುವುದರಲ್ಲಿಲ್ಲ, ಅದನ್ನು ಬರೆಯುವವರು ಯಾರು ಎಂಬುದರಲ್ಲಿದೆ. ಅಘನಾಶಿನಿಯ ಬಳಚು ಕೈಯಲ್ಲಿ ಆರಿಸುವ ಬಳಚು. ಅದರ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದದ್ದು ಮನುಷ್ಯರ ಕೈಯಿಂದಲೇ. ಇಲ್ಲಿ ಜನರ ಬಳಕೆಯೂ ನೆಲೆಯ ಲಕ್ಷಣಗಳಲ್ಲೊಂದು, ಅದೂ ದಾಖಲಾಗಬೇಕು. ದಾಖಲೆ ಇಲ್ಲದಿದ್ದರೆ ನಷ್ಟ ಯಾರಿಗೆ ಎಂಬುದನ್ನು ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ನೋಡಿದ್ದೇವೆ. ಖಾಸಗಿ ಬಂದರಿನ ಸುತ್ತ ಎದ್ದ ವಿವಾದದಲ್ಲಿ, ಅಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆಯೇ ಇಲ್ಲವೇ ಎಂಬುದೇ ವಾದದ ಒಂದು ಮುಖ್ಯ ಅಂಶವಾಯಿತು. ಆಮೆ ವರ್ಷದ ಕೆಲವೇ ರಾತ್ರಿಗಳಲ್ಲಿ ಬಂದು ಹೋಗುವ ಜೀವಿ. ಸಮೀಕ್ಷೆಯವರು ಬಂದ ದಿನ ಅದು ಕಾಣದಿದ್ದರೆ ಅಲ್ಲಿ ನೆಲೆಯೇ ಇಲ್ಲ ಎಂದಾಗುವುದಿಲ್ಲ. ಮರಳಿನ ಕಾಳು, ದಂಡೆಯ ಇಳಿಜಾರು, ಉಬ್ಬರ ತಲುಪದ ಒಣಮರಳಿನ ಅಗಲ ಇವು ಆಮೆಗೆ ಒಗ್ಗುವಂತಿವೆಯೇ ಎಂದು ಹೇಳಬಲ್ಲದ್ದು ಭೌತಿಕ ದಾಖಲೆ. ಯಾವ ವರ್ಷ ಎಲ್ಲಿ ಗೂಡು ಸಿಕ್ಕಿತು ಎಂದು ಹೇಳಬಲ್ಲದ್ದು ದಂಡೆಯ ಜನರ ನೆನಪು. ಎರಡೂ ಮೊದಲೇ ಬರಹದಲ್ಲಿದ್ದರೆ ಯೋಜನೆ ಬಂದ ಮೇಲೆ ಅವಸರದ ಸಮೀಕ್ಷೆಗೆ ಕಾಯಬೇಕಾಗುವುದಿಲ್ಲ, ಬರೆದಿಟ್ಟದ್ದು ಏನೂ ಇಲ್ಲ ಎಂಬ ಕಾರಣಕ್ಕೆ ದಂಡೆಯಲ್ಲೂ ಏನೂ ಇಲ್ಲ ಎನ್ನುವವರ ಮಾತು ಗೆಲ್ಲುವುದಿಲ್ಲ.

ಇಂಥ ದಾಖಲೆಯ ಮಾದರಿ ಕರ್ನಾಟಕದ ರೈತರೆಲ್ಲರ ಮನೆಯಲ್ಲಿದೆ. ಪಹಣಿಯಲ್ಲಿ ಮಣ್ಣಿನ ನಮೂನೆ ಒಂದು ಕಡೆ, ನೀರಿನ ಮೂಲ ಒಂದು ಕಡೆ, ಹಂಗಾಮುವಾರು ಬೆಳೆ ಇನ್ನೊಂದು ಕಡೆ. ಒಂದನ್ನು ಇನ್ನೊಂದರಿಂದ ಊಹಿಸಿ ಬರೆಯುವುದಿಲ್ಲ, ಬೆಳೆ ಬದಲಾದರೆ ಮಣ್ಣಿನ ಕಾಲಂ ತಿದ್ದುವುದಿಲ್ಲ. ತೀರದ ಒಂದೊಂದು ತುಂಡಿಗೂ ಹೀಗೊಂದು ಹಾಳೆ ಇರಲಿ: ತಳ ಏನು, ಇಳಿಜಾರು ಎಷ್ಟು, ಅಲೆಗೆ ತೆರೆದಿದೆಯೋ ಮರೆಯೋ, ಮಳೆಗಾಲದ ಉಪ್ಪು, ಬೇಸಿಗೆಯ ಉಪ್ಪು, ಮೇಲಂಚು, ನಡು, ಕೆಳಂಚುಗಳಲ್ಲಿ ಇರುವ ಜೀವಿಗಳು, ಯಾರು, ಯಾವ ತಿಂಗಳು, ಏನನ್ನು ಆರಿಸುತ್ತಾರೆ ಅಥವಾ ಯಾವ ಬಲೆ ಎಳೆಯುತ್ತಾರೆ, ಯಾವ ವರ್ಷ ಕಲ್ಲು ಬಿತ್ತು. ಮುಂಗಾರಿನ ಕೊನೆಗೊಮ್ಮೆ, ಬೇಸಿಗೆಯಲ್ಲೊಮ್ಮೆ ತುಂಬಿದರೆ ಸಾಕು. ತೀರ ಬದಲಾಗುತ್ತಲೇ ಇರುತ್ತದೆ ಎಂಬ ತಕರಾರಿಗೂ ಇಲ್ಲಿ ಉತ್ತರವಿದೆ, ಬದಲಾವಣೆ ಈ ಹಾಳೆಗಳಲ್ಲಿ ವರ್ಷದಿಂದ ವರ್ಷಕ್ಕೆ ಕಾಣುತ್ತಾ ಹೋಗುತ್ತದೆ. ಇಡೀ ಕರಾವಳಿಗೆ ಒಮ್ಮೆಲೇ ಸಾಧ್ಯವಿಲ್ಲದಿದ್ದರೆ ಶರಾವತಿ ಮತ್ತು ಅಘನಾಶಿನಿಯ ಅಳಿವೆಗಳಿಂದ ಆರಂಭಿಸಬಹುದು. ಬಳಚಿನ ಕಾಲಂ ತುಂಬಬಲ್ಲವರು ಎರಡೂ ದಂಡೆಗಳಲ್ಲಿದ್ದಾರೆ. ಶರಾವತಿಯ ಬೇಸಿಗೆಯ ಉಪ್ಪಿನ ಕಾಲಂ ಪಕ್ಕದಲ್ಲಿ ಮಾತ್ರ ಇನ್ನೊಂದು ಅಂಕಿ ಬರೆಯಲೇಬೇಕು, ಆ ತಿಂಗಳಲ್ಲಿ ವಿದ್ಯುದಾಗಾರಗಳಿಂದ ಕೆಳಕ್ಕೆ ಬಂದ ನೀರು ಎಷ್ಟು ಎಂಬುದು.